ಗಾಳಿಗೆ ಮೈಯೊಡ್ಡಿದ ಪುಟ್ಟ ದೋಣಿಗಳು

ಇಂಗ್ಲಿಷ್ ನಿಘಂಟಿನಲ್ಲಿ ‘ಡಿಂಗಿ’ ಎಂಬ ಶಬ್ದದ ಹುಟ್ಟನ್ನು ಹುಡುಕುತ್ತ ಹೋದರೆ ಅದು ನಮ್ಮನ್ನು ವಂಗದೇಶದ ನದೀತೀರಕ್ಕೆ ತಂದು ನಿಲ್ಲಿಸುತ್ತದೆ. ಅಲ್ಲಿಯ ಹೊಳೆಗಳಲ್ಲಿ ಜನರನ್ನೂ ಸರಕನ್ನೂ ದಾಟಿಸುತ್ತಿದ್ದ ಚಿಕ್ಕ ದೋಣಿಗೆ ನಾಡವರು ಇಟ್ಟಿದ್ದ ಹೆಸರು ಅದು. ಕಂಪೆನಿಯ ಹಡಗುಗಳ ಜೊತೆಯಲ್ಲಿ ಆ ಮಾತು ಕಡಲು ದಾಟಿತು. ದೊಡ್ಡ ಹಡಗಿನ ಮಗ್ಗುಲಲ್ಲಿ ತೂಗುತ್ತಿದ್ದ ಕಿರುದೋಣಿಗೆ ಹೆಸರಾಯಿತು. ಕಡೆಗೆ, ಹಾಯಿ ಕಟ್ಟಿ ಪಂದ್ಯವಾಡುವ ಪುಟ್ಟ ದೋಣಿಗಳ ಇಡೀ ಕುಲಕ್ಕೇ ಅಂಕಿತವಾಯಿತು. ತಮಿಳಿನ ‘ಕಟ್ಟುಮರಂ’ ಹೀಗೆಯೇ ಊರು ಬಿಟ್ಟು ಹೋಗಿ ‘ಕಟಮರಾನ್’ ಎಂಬ ಹೊಸ ವೇಷದಲ್ಲಿ ಹಿಂದಿರುಗಿತು. ನಮ್ಮ ‘ದೋಣಿ’ಯಾದರೂ ಸಂಸ್ಕೃತದ ‘ದ್ರೋಣಿ’ಯ ಮಗಳೋ ದ್ರಾವಿಡದ ಮನೆಮಗಳೋ ಎಂಬ ವಿಷಯದಲ್ಲಿ ಪಂಡಿತರಲ್ಲಿ ಎರಡು ಮಾತುಂಟು. ನೀರಿನ ಮೇಲೆ ತೇಲುವ ವಸ್ತುಗಳಿಗೆ ಕುಲಗೋತ್ರ ಹೇಳುವುದು ಕಷ್ಟವೆಂದು ಕಾಣುತ್ತದೆ.

ಪಂದ್ಯದ ಡಿಂಗಿ ಎಂದರೆ ಏನು? ಉದ್ದ ಸಾಮಾನ್ಯವಾಗಿ ಹದಿನೈದು ಹದಿನಾರು ಅಡಿಗೆ ಮೀರದು. ಒಳಗೆ ಒಬ್ಬರು ಅಥವಾ ಇಬ್ಬರು. ಒಂದು ಹಾಯಿಕಂಬ, ಒಂದೆರಡು ಹಾಯಿ, ಹಿಂದೆ ಚುಕ್ಕಾಣಿ, ನಡುವೆ ಬೇಕಾದಾಗ ಇಳಿಸಿ ಬೇಡವಾದಾಗ ಎತ್ತಬಹುದಾದ ಒಂದು ಹಲಗೆ. ಈ ನಡುಹಲಗೆಯ ಕೆಲಸ, ದೋಣಿಯು ಗಾಳಿಯ ತಳ್ಳಿಗೆ ಮಗ್ಗುಲಾಗಿ ಜಾರದಂತೆ ತಡೆಯುವುದು. ಆದರೆ ಅದಕ್ಕೆ ಭಾರವಿಲ್ಲ. ದೊಡ್ಡ ವಿಹಾರನೌಕೆಗಳ ಅಡಿಯಲ್ಲಿ ಸೀಸದ ತೂಕವಿರುತ್ತದೆ. ಗಾಳಿ ಎಷ್ಟು ಬಾಗಿಸಿದರೂ ಆ ತೂಕ ಅವನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಡಿಂಗಿಗೆ ಆ ಭಾಗ್ಯವಿಲ್ಲ. ಅದರಲ್ಲಿ ಕುಳಿತ ಮನುಷ್ಯನ ಮೈಯೇ ಅದರ ತೂಕ. ಅವನು ಗಾಳಿ ಬೀಸುವ ಕಡೆಯ ಅಂಚಿನ ಮೇಲೆ ಕುಳಿತು, ಪಾದಗಳನ್ನು ಒಳಗಿನ ಪಟ್ಟಿಗೆ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಿದಷ್ಟು ಹೊತ್ತು ದೋಣಿ ನೆಟ್ಟಗಿರುತ್ತದೆ. ಮೈ ಸೋತರೆ ದೋಣಿ ಮಗುಚುತ್ತದೆ. ಈ ಆಟದ ಸ್ವಾರಸ್ಯವೂ ಕಷ್ಟವೂ ಇತಿಹಾಸವೂ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಅಲೆಯ ಸಂಕೋಲೆ

ನೀರನ್ನು ಸೀಳಿಕೊಂಡು ಹೋಗುವ ಪ್ರತಿಯೊಂದು ದೋಣಿಯೂ ತನ್ನ ಮುಂದೆ ಒಂದು ಅಲೆಯನ್ನೂ ಹಿಂದೆ ಒಂದು ಅಲೆಯನ್ನೂ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಎರಡು ಅಲೆಗಳ ನಡುವಣ ಅಂತರವೂ ಹೆಚ್ಚುತ್ತದೆ. ಅಂತರವು ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ತಾನೇ ತೋಡಿದ ಹಳ್ಳದಲ್ಲಿ ಕುಳಿತಂತಾಗುತ್ತದೆ. ಮುಂದಣ ಅಲೆಯನ್ನು ಹತ್ತುವ ಶಕ್ತಿ ಅದಕ್ಕಿರುವುದಿಲ್ಲ. ಹದಿನಾಲ್ಕು ಅಡಿಯ ದೋಣಿಗೆ ಈ ಎಲ್ಲೆ ಸುಮಾರು 5 ನಾಟ್, ಎಂದರೆ ಗಂಟೆಗೆ 9 ಕಿಲೋಮೀಟರಿನಷ್ಟು. ಉದ್ದವಾದ ಹಡಗಿಗೆ ಎಲ್ಲೆ ದೊಡ್ಡದು, ಚಿಕ್ಕ ದೋಣಿಗೆ ಚಿಕ್ಕದು. ಪ್ರಕೃತಿಯು ಪುಟ್ಟವರಿಗೆ ಹಾಕಿದ ಈ ಸಂಕೋಲೆಯನ್ನು ಬಹುಕಾಲ ಜನ ವಿಧಿಯೆಂದೇ ಒಪ್ಪಿಕೊಂಡಿದ್ದರು.

ಅದನ್ನು ಮುರಿದು ತೋರಿಸಿದವನು ಇಂಗ್ಲೆಂಡಿನ ವೈಟ್ ದ್ವೀಪದ ಉಫಾ ಫಾಕ್ಸ್. 1898ರಲ್ಲಿ ಹುಟ್ಟಿದ ಈತ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಗಣಿತ ಕಲಿತವನಲ್ಲ. ದೋಣಿ ಕಟ್ಟುವ ಕಾರ್ಖಾನೆಯಲ್ಲಿ ಕೈಕೆಲಸ ಕಲಿತವನು. ಆ ಕಾರ್ಖಾನೆಯಲ್ಲಿ ಬಿರುಸಾಗಿ ಓಡುವ ಯಂತ್ರದೋಣಿಗಳೂ ನೀರಿನಿಂದ ಮೇಲೇಳುವ ವಿಮಾನಗಳೂ ತಯಾರಾಗುತ್ತಿದ್ದವು. ಅವು ನೀರನ್ನು ಸೀಳುವುದರ ಬದಲು ನೀರಿನ ಮೇಲೆ ಹತ್ತಿ ಜಾರುವುದನ್ನು ಫಾಕ್ಸ್ ದಿನವೂ ಕಂಡಿದ್ದ. ಹರಿತವಾದ ಮುಂಭಾಗ, ಹಿಂದಕ್ಕೆ ಹೋದಂತೆ ಚಪ್ಪಟೆಯಾಗುವ ತಳ — ಇಷ್ಟನ್ನು ಹಾಯಿದೋಣಿಗೂ ಕೊಟ್ಟರೆ ಅದು ಕೂಡ ಜಾರಲಾರದೆ ಎಂದು ಅವನಿಗೆ ತೋಚಿತು. 1928ರಲ್ಲಿ ಅವನು ಕಟ್ಟಿದ ಹದಿನಾಲ್ಕು ಅಡಿಯ ‘ಅವೆಂಜರ್’ ಆ ವರ್ಷ 57 ಪಂದ್ಯಗಳಲ್ಲಿ ಹೊರಟು 52ರಲ್ಲಿ ಮೊದಲನೆಯದಾಗಿ ಬಂದಿತು. ಎರಡರಲ್ಲಿ ಎರಡನೆಯದು, ಮೂರರಲ್ಲಿ ಮೂರನೆಯದು. ಪ್ರಿನ್ಸ್ ಆಫ್ ವೇಲ್ಸ್ ಪಾರಿತೋಷಕವೂ ಅದಕ್ಕೇ ಸಂದಿತು. ಸಾಲದೆಂಬಂತೆ ಅವನು ಅದೇ ತೆರೆದ ದೋಣಿಯಲ್ಲಿ ಇಬ್ಬರು ಸಂಗಡಿಗರೊಂದಿಗೆ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ, ಫ್ರಾನ್ಸಿನ ಹಾವ್ರ್ ಬಂದರಿಗೆ ಹೋಗಿ, ಅಲ್ಲಿ ಪಂದ್ಯವಾಡಿ, ಮತ್ತೆ ಹಾಯಿ ಕಟ್ಟಿಯೇ ಮನೆಗೆ ಬಂದ.

ದೋಣಿಯು ಅಲೆಯನ್ನು ಹತ್ತಿ ಜಾರತೊಡಗುವ ಆ ಕ್ಷಣವನ್ನು ಅನುಭವಿಸಿದವರೆಲ್ಲರೂ ಒಂದೇ ರೀತಿ ವರ್ಣಿಸುತ್ತಾರೆ. ಮೊದಲು ದೋಣಿ ತಿಣುಕುತ್ತದೆ. ಒಡನೆಯೇ ಯಾರೋ ಹಿಂದಿನಿಂದ ಎಳೆಯುತ್ತಿದ್ದ ಹಗ್ಗವನ್ನು ಕತ್ತರಿಸಿಬಿಟ್ಟಂತಾಗುತ್ತದೆ. ತಳದ ಕೆಳಗೆ ನೀರಿನ ಶಬ್ದವೇ ಬೇರೆಯಾಗುತ್ತದೆ. ಚುಕ್ಕಾಣಿ ಕೈಯಲ್ಲಿ ನಡುಗುತ್ತದೆ. ಈಗಿನ ತೀವ್ರಗತಿಯ ಡಿಂಗಿಗಳೆಲ್ಲವೂ ಆ ಒಂದು ಕ್ಷಣವನ್ನು ಹಿಗ್ಗಿಸುವ ಪ್ರಯತ್ನದಿಂದ ಹುಟ್ಟಿದವು.

ಹೊರಗೆ ತೂಗಿದ ಮೈ

ಜಾರಬೇಕಾದರೆ ಶಕ್ತಿ ಬೇಕು. ಶಕ್ತಿಗೆ ದೊಡ್ಡ ಹಾಯಿ ಬೇಕು. ದೊಡ್ಡ ಹಾಯಿಯನ್ನು ನೆಟ್ಟಗೆ ಹಿಡಿಯಲು ತೂಕ ಬೇಕು. ತೂಕ ಹೆಚ್ಚಿದರೆ ದೋಣಿ ಜಾರದು. ಈ ಬಿಕ್ಕಟ್ಟಿನಿಂದ ಹೊರಬರಲು ಒಂದೇ ದಾರಿ — ಇರುವ ತೂಕವನ್ನೇ ಇನ್ನಷ್ಟು ದೂರಕ್ಕೆ ಒಯ್ಯುವುದು. ತಕ್ಕಡಿಯ ದಂಡ ಉದ್ದವಾದಷ್ಟೂ ಸಣ್ಣ ಬೊಟ್ಟು ದೊಡ್ಡ ಸರಕನ್ನು ತೂಗುತ್ತದೆಯಲ್ಲವೆ?

1938ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಪಾರಿತೋಷಕದ ಪಂದ್ಯ. ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಎಂಬಿಬ್ಬರ ದೋಣಿ ‘ಥಂಡರ್ ಅಂಡ್ ಲೈಟ್ನಿಂಗ್’. ಪಂದ್ಯ ಆರಂಭವಾದ ಮೇಲೆ ಇಬ್ಬರಲ್ಲಿ ಒಬ್ಬ ಹಾಯಿಕಂಬದ ಮೇಲ್ಭಾಗದಿಂದ ಇಳಿಬಿಟ್ಟ ತಂತಿಗೆ ಸೊಂಟಪಟ್ಟಿಯನ್ನು ಕೊಂಡಿ ಹಾಕಿ, ಪಾದಗಳನ್ನು ಮಾತ್ರ ದೋಣಿಯ ಅಂಚಿಗೆ ಊರಿ, ಇಡೀ ಮೈಯನ್ನು ನೀರಿನ ಮೇಲೆ ಅಡ್ಡಲಾಗಿ ಚಾಚಿದ. ನೋಡುತ್ತಿದ್ದವರು ಬೆರಗಾದರು. ಆ ದೋಣಿ ಗೆದ್ದಿತು. ಅದಕ್ಕೆ ಮೊದಲೇ ಥೇಮ್ಸ್ ನದಿಯ ದೋಣಿಯೊಂದರಲ್ಲಿ ಕಂಬಕ್ಕೆ ಹಗ್ಗ ಕಟ್ಟಿ ಜೋತುಬಿದ್ದವರಿದ್ದರು. ಅದನ್ನು ಕಡಲಿನ ಪಂದ್ಯಕ್ಕೆ ತಂದು ಪೂರ್ಣವಾಗಿ ಪ್ರಯೋಗಿಸಿದ ಕೀರ್ತಿ ಈ ಇಬ್ಬರದು. ‘ಟ್ರಪೀಜ್’ ಎಂದು ಈಗ ಇದಕ್ಕೆ ಹೆಸರು. ಸರ್ಕಸ್ಸಿನ ಉಯ್ಯಾಲೆಯಿಂದ ಎರವಲು ಬಂದ ಮಾತು.

ಗೆದ್ದ ಉಪಾಯಕ್ಕೆ ಸಂದ ಬಹುಮಾನವೆಂದರೆ ನಿಷೇಧ. ಹದಿನಾಲ್ಕು ಅಡಿಯ ಆ ವರ್ಗದ ಹಿರಿಯರು ಟ್ರಪೀಜನ್ನು ಕೂಡದೆಂದರು; ಅದು ಮತ್ತೆ ಅಲ್ಲಿಗೆ ಪ್ರವೇಶ ಪಡೆಯಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ‘ಫ್ಲೈಯಿಂಗ್ ಡಚ್‌ಮನ್’, ಇಂಗ್ಲೆಂಡಿನ ಜಾನ್ ವೆಸ್ಟೆಲ್ ರೂಪಿಸಿದ ‘505’ ಮೊದಲಾದ ಹೊಸ ವರ್ಗಗಳು ಅದನ್ನು ಕೈಬೀಸಿ ಕರೆದುಕೊಂಡು, ಹಳಬರನ್ನು ಹಿಂದೆ ಹಾಕಿ ಮುಂದೆ ಹೋಗಿದ್ದವು. ಈ ಕಥೆಯಲ್ಲಿ ಒಂದು ಸೊಗಸಾದ ವಿಡಂಬನೆಯುಂಟು. ದಕ್ಷಿಣಧ್ರುವದ ಹಿಮದಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟನ ಮಗ ಈ ಪೀಟರ್ ಸ್ಕಾಟ್. ಹಕ್ಕಿಗಳ ಚಿತ್ರಕಾರ, ವನ್ಯಜೀವಿಗಳ ರಕ್ಷಣೆಗೆ ಬಾಳನ್ನು ಮುಡಿಪಿಟ್ಟವನು. ಯಾವಾತನ ಉಪಾಯವನ್ನು ನಿಷೇಧಿಸಿದರೋ ಆತನೇ 1955ರಿಂದ 1969ರವರೆಗೆ ಅಂತರರಾಷ್ಟ್ರೀಯ ಹಾಯಿಪಂದ್ಯ ಸಂಸ್ಥೆಯ ಅಧ್ಯಕ್ಷನಾಗಿದ್ದನು!

ಆದರೆ ಹೊರಗೆ ಮೈ ಚಾಚುವುದು ಪಶ್ಚಿಮದವರು ಮೊದಲು ಕಂಡುಹಿಡಿದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ಸಿಂಹಳದ ಬೆಸ್ತರ ಓರು ದೋಣಿಗೆ ಒಂದು ಮಗ್ಗುಲಲ್ಲಿ, ಎರಡು ಬಾಗಿದ ತೊಲೆಗಳ ತುದಿಯಲ್ಲಿ ಕಟ್ಟಿದ ಮರದ ದಿಮ್ಮಿಯಿರುತ್ತದೆ. ಗಾಳಿ ಬಲವಾದಾಗ ಬೆಸ್ತರು ಒಬ್ಬೊಬ್ಬರಾಗಿ ಆ ತೊಲೆಗಳ ಮೇಲೆ ನಡೆದುಹೋಗಿ ಕೂರುತ್ತಿದ್ದರು. ಗಾಳಿಯ ಬಲವನ್ನು ಅವರು ಅಳೆಯುತ್ತಿದ್ದುದೂ ಅದರಿಂದಲೇ: ಒಬ್ಬಾಳಿನ ಗಾಳಿ, ಇಬ್ಬರಾಳಿನ ಗಾಳಿ, ಮೂವರಾಳಿನ ಗಾಳಿ! ಹವಾಮಾನ ಇಲಾಖೆಯ ಯಾವ ಅಳತೆಗೋಲಿಗೆ ಇಷ್ಟು ಜೀವವಿದೆ?

ಛಂದಸ್ಸೂ ಗಮಕವೂ

ಟ್ರಪೀಜಿನ ನಿಷೇಧವನ್ನು ಹಿರಿಯರ ಹಟವೆಂದು ತಳ್ಳಿಬಿಡುವುದು ಸುಲಭ. ಅದರ ಹಿಂದೆ ಒಂದು ನಿಜವಾದ ಪ್ರಶ್ನೆಯಿತ್ತು. ಅದು ಇಂದಿಗೂ ಇದೆ. ಪಂದ್ಯ ನಡೆಯುವುದು ಮನುಷ್ಯರ ನಡುವೆಯೋ ದೋಣಿಗಳ ನಡುವೆಯೋ?

ಈ ಪ್ರಶ್ನೆಗೆ ಡಿಂಗಿಯ ಲೋಕ ಎರಡು ಉತ್ತರ ಕೊಟ್ಟಿದೆ. ಕಾವ್ಯಪಾಠ ಹೇಳುವ ನನ್ನಂಥವರಿಗೆ ಇದನ್ನು ನಮ್ಮ ಸಾಹಿತ್ಯದ ಮಾತಿನಲ್ಲಿಯೇ ಹೇಳುವುದು ಅನುಕೂಲ. ಗಮಕಸ್ಪರ್ಧೆಯಲ್ಲಿ ಎಲ್ಲರಿಗೂ ಕೊಡುವುದು ಒಂದೇ ಪದ್ಯ. ಪರೀಕ್ಷೆ ಕಂಠಕ್ಕೆ, ರಾಗಜ್ಞಾನಕ್ಕೆ, ಅರ್ಥವನ್ನು ಬಿಡಿಸುವ ಜಾಣ್ಮೆಗೆ. ಏಕವಿನ್ಯಾಸದ ವರ್ಗಗಳು ಇಂಥವು. ಅಲ್ಲಿ ದೋಣಿಗಳೆಲ್ಲವೂ ಒಂದೇ ಅಚ್ಚಿನವು. ಹಾಯಿಯ ಒಂದು ಹೊಲಿಗೆಯನ್ನೂ ಬದಲಿಸುವಂತಿಲ್ಲ. ಕೆನಡಾದ ಬ್ರೂಸ್ ಕರ್ಬಿ 1969ರಲ್ಲಿ ಗೆಳೆಯ ಇಯಾನ್ ಬ್ರೂಸನೊಡನೆ ಟೆಲಿಫೋನಿನಲ್ಲಿ ಮಾತನಾಡುತ್ತಲೇ ಕಾಗದದ ಮೇಲೆ ಗೀಚಿದ ರೇಖಾಚಿತ್ರದಿಂದ ಹುಟ್ಟಿದ ‘ಲೇಸರ್’ ಇದಕ್ಕೆ ಉತ್ತಮ ನಿದರ್ಶನ. ಒಬ್ಬನಿಗೆ ಒಂದು ದೋಣಿ, ಒಂದು ಹಾಯಿ, ನಾಲ್ಕಾರು ಹಗ್ಗ. ಎರಡು ಲಕ್ಷಕ್ಕೂ ಮೀರಿ ತಯಾರಾದ ಈ ದೋಣಿ 1996ರಿಂದ ಒಲಿಂಪಿಕ್ಸಿನಲ್ಲಿದೆ. ಸೋತವನು ದೋಣಿಯನ್ನು ಬಯ್ಯುವಂತಿಲ್ಲ; ಗೆದ್ದವನು ದೋಣಿಯನ್ನು ಹೊಗಳುವಂತಿಲ್ಲ.

ಇನ್ನೊಂದು ಬಗೆಯಲ್ಲಿ ಪದ್ಯವನ್ನು ಕೊಡುವುದಿಲ್ಲ, ಛಂದಸ್ಸನ್ನು ಮಾತ್ರ ಕೊಡುತ್ತಾರೆ. ಕಂದಪದ್ಯಕ್ಕೆ ಮಾತ್ರೆ ಅರವತ್ತನಾಲ್ಕು, ಜಗಣ ಎಲ್ಲಿ ಸಲ್ಲದು, ಎಲ್ಲಿ ಬೇಕು ಎಂಬುದು ನಿಯಮ. ಉಳಿದದ್ದೆಲ್ಲ ಕವಿಯ ಪ್ರತಿಭೆಗೆ ಬಿಟ್ಟದ್ದು. ‘ಮಾತ್’ ಎಂಬ ಹನ್ನೊಂದು ಅಡಿಯ ದೋಣಿಯ ವರ್ಗ ಇಂಥದು. ಉದ್ದ 3355 ಮಿಲಿಮೀಟರಿಗೆ, ಅಗಲ 2250 ಮಿಲಿಮೀಟರಿಗೆ ಮೀರಬಾರದು; ಹಾಯಿಗೂ ಒಂದು ಮಿತಿಯುಂಟು. ಹೀಗೆ ಬೆರಳೆಣಿಕೆಯ ಕಟ್ಟಳೆಗಳು. ಅವುಗಳೊಳಗೆ ಯಾರು ಏನನ್ನು ಬೇಕಾದರೂ ಕಟ್ಟಬಹುದು. 1928ರಲ್ಲಿ ಆಸ್ಟ್ರೇಲಿಯದ ಇನ್ವರ್ಲಾಕ್ ಎಂಬ ಊರಿನಲ್ಲಿ ಲೆನ್ ಮಾರಿಸ್ ಎಂಬಾತ ತನಗಾಗಿ ಕಟ್ಟಿಕೊಂಡ, ಮೂತಿಯೇ ಇಲ್ಲದ ಚಪ್ಪಟೆ ದೋಣಿ ಈ ವಂಶದ ಮೂಲಪುರುಷ. ಇಂದಿನ ಮಾತ್ ಅದರ ಮೊಮ್ಮಗನೆಂದರೆ ಯಾರೂ ನಂಬಲಾರರು. ಆದರೂ ವಂಶ ಮುರಿದಿಲ್ಲ. ಛಂದಸ್ಸು ಒಂದೇ ಆಗಿದ್ದು ಕವಿತೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬಂದಿದೆ.

ಎರಡೂ ಬೇಕು. ಗಮಕಿಯಿಲ್ಲದೆ ಕಾವ್ಯ ಜನರ ಬಳಿಗೆ ಬಾರದು; ಕವಿಯಿಲ್ಲದೆ ಗಮಕಿಗೆ ಹಾಡಲು ಏನೂ ಇರದು. ಇಂದು ಏಕವಿನ್ಯಾಸದ ದೋಣಿಯಲ್ಲಿ ಎಲ್ಲರೂ ಸಹಜವೆಂದು ಬಳಸುವ ಸಲಕರಣೆಗಳಲ್ಲಿ ಅನೇಕವು ಒಮ್ಮೆ ಯಾವುದೋ ಪ್ರಯೋಗದ ವರ್ಗದಲ್ಲಿ ಒಬ್ಬ ಹುಚ್ಚನ ಹುಚ್ಚಾಟವಾಗಿದ್ದವು.

ಕಲಿಯುವ ಬಗೆ

ಹೊಸಬನಿಗೆ ಮೊದಲ ಪಾಠ ಗೆಲುವಿನದಲ್ಲ, ಮಗುಚುವುದರದು. ಈಜು ಬರಬೇಕು, ತೇಲುವ ಅಂಗಿ ತೊಡಬೇಕು; ಅನಂತರ ತಿಳಿದೂ ತಿಳಿದೂ ದೋಣಿಯನ್ನು ಮಗುಚಿಸುತ್ತಾರೆ. ಮಗುಚಿದ ದೋಣಿಯನ್ನು ಬಿಟ್ಟು ಈಜಿ ಹೋಗಕೂಡದು, ದೋಣಿಯೇ ಆಸರೆ. ಹಾಯಿಯ ಹಗ್ಗಗಳನ್ನು ಸಡಿಲಬಿಟ್ಟು, ನೀರಿನಿಂದ ಮೇಲಕ್ಕೆ ಚಾಚಿದ ನಡುಹಲಗೆಯನ್ನು ಹತ್ತಿ ನಿಂತು, ಅಂಚನ್ನು ಹಿಡಿದು ಹಿಂದಕ್ಕೆ ವಾಲಿದರೆ ದೋಣಿ ನಿಧಾನವಾಗಿ ಹಾಯಿಯನ್ನು ನೀರಿನಿಂದ ಬಿಡಿಸಿಕೊಂಡು ಏಳುತ್ತದೆ. ಇದು ಹತ್ತು ಸಲ ಆದ ಮೇಲೆ ಭಯ ತಾನಾಗಿ ಹೋಗುತ್ತದೆ. ಬಿದ್ದು ಏಳುವುದನ್ನು ಪಠ್ಯಕ್ರಮದ ಮೊದಲ ಅಧ್ಯಾಯವಾಗಿಸಿದ ವಿದ್ಯೆಗಳು ಲೋಕದಲ್ಲಿ ಹೆಚ್ಚಿಲ್ಲ. ನಾವು ಅಧ್ಯಾಪಕರು ಇದನ್ನು ಸ್ವಲ್ಪ ಯೋಚಿಸಿ ನೋಡಬಹುದು.

ಎರಡನೆಯ ಪಾಠ ಗಾಳಿಯನ್ನು ಓದುವುದು. ಕಿವಿಯ ಹಿಂದೆ, ಕತ್ತಿನ ಮೇಲೆ ಗಾಳಿ ಎಲ್ಲಿ ತಾಗುತ್ತಿದೆ ಎಂಬುದನ್ನು ಮೈ ಗುರುತಿಸಬೇಕು. ನೀರಿನ ಮೇಲೆ ಕಪ್ಪಗೆ ಸುಕ್ಕುಗಟ್ಟಿ ಬರುವ ಪಟ್ಟಿಯೇ ಮುಂದೆ ಬರಲಿರುವ ಬೀಸು. ಗಾಳಿಗೆ ನೇರವಾಗಿ ಎದುರು ಹೋಗಲು ಯಾವ ಹಾಯಿದೋಣಿಗೂ ಸಾಧ್ಯವಿಲ್ಲ. ಓರೆಯಾಗಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಅಂಕುಡೊಂಕಾಗಿ ಏರಬೇಕು. ಬೀಸು ಬಲವಾದಾಗ ಮೂರು ಉಪಾಯಗಳುಂಟು: ಮೈಯನ್ನು ಇನ್ನಷ್ಟು ಹೊರಕ್ಕೆ ಚಾಚುವುದು, ಹಾಯಿಯ ಹಗ್ಗವನ್ನು ಸ್ವಲ್ಪ ಬಿಡುವುದು, ದೋಣಿಯನ್ನು ಗಾಳಿಯ ಕಡೆಗೆ ಸ್ವಲ್ಪ ತಿರುಗಿಸುವುದು. ಹೊಸಬನ ಕೈ ಭಯದಿಂದ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ; ದೋಣಿ ಮಗುಚುವುದು ಆಗಲೇ. ಬಿಡುವುದನ್ನು ಕಲಿತವನೇ ಹಿಡಿಯಬಲ್ಲ.

ಮಕ್ಕಳಿಗೆ ಮೊದಲ ಮೆಟ್ಟಿಲು ‘ಆಪ್ಟಿಮಿಸ್ಟ್’. 1947ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರ, ಪ್ಲೈವುಡ್ ಹಲಗೆಗಳಿಂದ ಅಗ್ಗವಾಗಿ ಕಟ್ಟಬಹುದಾದ ಈ ಪೆಟ್ಟಿಗೆಯಾಕಾರದ ದೋಣಿಯನ್ನು ಊರಿನ ಮಕ್ಕಳಿಗಾಗಿಯೇ ರೂಪಿಸಿದ. ಹದಿನೈದು ತುಂಬುವವರೆಗೆ ಮಕ್ಕಳು ಇದರಲ್ಲಿ ಪಂದ್ಯವಾಡುತ್ತಾರೆ. ಆಮೇಲೆ ಒಂಟಿಯಾಗಿ ಹೋಗಬಯಸುವವರಿಗೆ ಲೇಸರ್. ಜೋಡಿಯಾಗಿ ವೇಗವನ್ನು ಬಯಸುವವರಿಗೆ ‘29ಅರ್’, ಅದರಿಂದ ‘49ಅರ್’. ಈ ಕೊನೆಯ ಎರಡೂ ಆಸ್ಟ್ರೇಲಿಯದ ಜೂಲಿಯನ್ ಬೆತ್ವೇಟನ ಸೃಷ್ಟಿ. ಅವನ ತಂದೆ ಫ್ರಾಂಕ್ ಬೆತ್ವೇಟ್ ಯುದ್ಧಕಾಲದ ವಿಮಾನ ಚಾಲಕ, ಹವಾಮಾನವನ್ನು ಬಲ್ಲವನು. ವೇಗದ ಹಾಯಿಯಾಟವನ್ನು ಶಾಸ್ತ್ರವಾಗಿ ಬರೆದು 1993ರಲ್ಲಿ ಗ್ರಂಥವನ್ನೇ ಹೊರತಂದವನು. ತಂದೆಯ ಶಾಸ್ತ್ರ, ಮಗನ ಪ್ರಯೋಗ. 49ಅರ್ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪ್ರವೇಶ ಪಡೆಯಿತು. ಅದರಲ್ಲಿ ಇಬ್ಬರೂ ಟ್ರಪೀಜಿನಲ್ಲಿ ತೂಗುತ್ತಾರೆ. ದೋಣಿಯೊಳಗೆ ಯಾರೂ ಇಲ್ಲ!

ಇಲ್ಲಿ ದೇಹದ ತಪಸ್ಸೂ ದೊಡ್ಡದು. ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರಾಮ್ ಮನೆಯಲ್ಲಿಯೇ ಒಂದು ಬೆಂಚನ್ನು ಮಾಡಿಕೊಂಡು, ಅದಕ್ಕೆ ಪಾದಗಳನ್ನು ಸಿಕ್ಕಿಸಿ, ದೋಣಿಯ ಅಂಚಿನಲ್ಲಿರುವಂತೆ ಮೈ ಚಾಚಿ ಅಭ್ಯಾಸ ಮಾಡುತ್ತಿದ್ದ. 1948ರ ಒಲಿಂಪಿಕ್ಸಿನ ಮೊದಲ ಪಂದ್ಯವನ್ನೇ ಅರ್ಧಕ್ಕೆ ಬಿಟ್ಟ ಇಪ್ಪತ್ತರ ತರುಣ ಅವನು. ಕಡೆಯಲ್ಲಿ ಚಿನ್ನ ಅವನದೇ ಆಯಿತು. ಮುಂದಿನ 1952, 1956, 1960ರಲ್ಲಿಯೂ ಅವನೇ. ಮೊದಲ ಸಲ ಅವನು ಗೆದ್ದ ‘ಫೈರ್‌ಫ್ಲೈ’ ದೋಣಿ ನಮ್ಮ ಉಫಾ ಫಾಕ್ಸ್ ರೂಪಿಸಿದ್ದು.

ನೀರಿನಿಂದ ಮೇಲಕ್ಕೆ

ಗಾಳಿಯಿಲ್ಲದ ದಿನ ಸೈಕಲ್ ತುಳಿದರೂ ಮುಖಕ್ಕೆ ಗಾಳಿ ಬಡಿಯುತ್ತದೆ. ಅದು ನಮ್ಮ ಚಲನೆಯೇ ಹುಟ್ಟಿಸಿದ ಗಾಳಿ. ವೇಗವಾಗಿ ಹೋಗುವ ದೋಣಿಗೂ ಹೀಗೆಯೇ. ನಿಜವಾದ ಗಾಳಿಯೂ ಚಲನೆಯ ಗಾಳಿಯೂ ಕೂಡಿ, ಎದುರಿನಿಂದ ಬೀಸುವ ಮೂರನೆಯ ಗಾಳಿಯೊಂದು ಹುಟ್ಟುತ್ತದೆ. ದೋಣಿ ವೇಗವಾದಷ್ಟೂ ಈ ಗಾಳಿ ಬಲವಾಗುತ್ತದೆ. ಗಾಳಿ ಬಲವಾದಷ್ಟೂ ದೋಣಿ ವೇಗವಾಗುತ್ತದೆ. ಆದ್ದರಿಂದ ಹಗುರವಾದ ಇಂದಿನ ದೋಣಿಗಳು ಬೀಸುವ ಗಾಳಿಗಿಂತಲೂ ವೇಗವಾಗಿ ಓಡಬಲ್ಲವು. ಕೇಳಿದೊಡನೆ ಇದು ಅಸಂಭವವೆನಿಸುತ್ತದೆ. ಆದರೆ ಇಲ್ಲಿ ಮೋಸವಿಲ್ಲ. ನೀರು ಮತ್ತು ಗಾಳಿ ಎಂಬ ಎರಡರ ನಡುವೆ ಸಿಕ್ಕಿದ ದೋಣಿ ಅವುಗಳ ಚಲನೆಯ ಭೇದದಿಂದ ಶಕ್ತಿ ಪಡೆಯುತ್ತದೆ. ಹಿಂದಿನ ದೋಣಿಗಳು ಗಾಳಿ ಹಿಂದಿನಿಂದ ಬೀಸಿದಾಗ ನೇರವಾಗಿ ತೇಲಿಹೋಗುತ್ತಿದ್ದವು. ಇಂದಿನವು ಆಗಲೂ ಅಂಕುಡೊಂಕಾಗಿ ಓಡುತ್ತವೆ. ದಾರಿ ದೂರವಾದರೂ ಬೇಗ ಮುಟ್ಟುತ್ತವೆ.

ವೇಗ ಹೆಚ್ಚಿದಂತೆ ಗಂಡಾಂತರವೂ ಹೆಚ್ಚು. ಗಾಳಿಯನ್ನು ಏರುವ ದಾರಿಗೂ ಇಳಿಯುವ ದಾರಿಗೂ ನಡುವೆ ಒಂದು ಕೋನವಿದೆ. ಅಲ್ಲಿ ಬಲವಾದ ಬೀಸು ತಗುಲಿದರೆ ಅತ್ತ ತಿರುಗಿಸಿದರೂ ಇತ್ತ ತಿರುಗಿಸಿದರೂ ದೋಣಿ ಮಗುಚುವ ಭಯ. ನುರಿತವರು ಆ ಕೋನದಲ್ಲಿ ತಂಗುವುದಿಲ್ಲ. ಮೈಯೂ ಹಗ್ಗವೂ ಚುಕ್ಕಾಣಿಯೂ ಏಕಕಾಲದಲ್ಲಿ ಒಂದಾಗಿ, ಒಂದೇ ಉಸಿರಿನಲ್ಲಿ ಅದನ್ನು ದಾಟುತ್ತಾರೆ. ಇಬ್ಬರ ದೋಣಿಯಾದರೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಮಾತಿಲ್ಲದೆ ತಿಳಿಯಬೇಕು. ಜುಗಲಬಂದಿಯಲ್ಲಿ ಇಬ್ಬರು ವಾದಕರು ಕಣ್ಣಿನಲ್ಲಿಯೇ ಮುಕ್ತಾಯವನ್ನು ಹೇಳಿಕೊಳ್ಳುವಂತೆ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ಛಂದಸ್ಸನ್ನು ಮಾತ್ರ ಕೊಟ್ಟು ಪದ್ಯವನ್ನು ಬಿಟ್ಟ ಆ ಮಾತ್ ವರ್ಗದಲ್ಲಿಯೇ ಮುಂದಿನ ವಿಸ್ಮಯ ನಡೆಯಿತು. 2001ರ ವಿಶ್ವಸ್ಪರ್ಧೆಯಲ್ಲಿ ಬ್ರೆಟ್ ಬರ್ವಿಲ್ ಎಂಬಾತ ನೀರಿನೊಳಗೆ ರೆಕ್ಕೆಗಳನ್ನು ಹೊತ್ತ ದೋಣಿಯನ್ನು ತಂದು ಪಂದ್ಯ ಗೆದ್ದ. ಅನಂತರ ಪರ್ತ್ ನಗರದ ಇಲೆಟ್ ಸೋದರರು ನಡುಹಲಗೆಯ ತುದಿಗೂ ಚುಕ್ಕಾಣಿಯ ತುದಿಗೂ ತಲೆಕೆಳಗಾದ ಇಂಗ್ಲಿಷ್ ‘ಟಿ’ಯ ಆಕಾರದಲ್ಲಿ ರೆಕ್ಕೆಗಳನ್ನು ಜೋಡಿಸಿದರು. 2005ರಲ್ಲಿ ರೋಹನ್ ವೀಲ್ ಇಂಥ ದೋಣಿಯಲ್ಲಿ ವಿಶ್ವವಿಜೇತನಾದ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಾಲು ಸಾಂದ್ರವಾದ್ದರಿಂದ ಅಂಗೈಯಗಲದ ರೆಕ್ಕೆಯೇ ಮನುಷ್ಯನನ್ನೂ ದೋಣಿಯನ್ನೂ ಎತ್ತಿ ಹಿಡಿಯುತ್ತದೆ. ದೋಣಿಯ ಮುಂದೆ ಒಂದು ಕಡ್ಡಿ ನೀರನ್ನು ತಡವುತ್ತಿರುತ್ತದೆ. ದೋಣಿ ಹೆಚ್ಚು ಮೇಲೆದ್ದರೆ ಕಡ್ಡಿ ಇಳಿಬೀಳುತ್ತದೆ, ಅದಕ್ಕೆ ಕೂಡಿಸಿದ ತಂತಿ ರೆಕ್ಕೆಯ ಪಟ್ಟಿಯನ್ನು ತಿರುಗಿಸಿ ದೋಣಿಯನ್ನು ಇಳಿಸುತ್ತದೆ. ಕೆಳಗಿಳಿದರೆ ಮತ್ತೆ ಏರಿಸುತ್ತದೆ. ಕುರುಡನು ಊರುಗೋಲಿನಿಂದ ನೆಲವನ್ನು ತಡವಿ ನಡೆಯುವಂತೆ ಈ ದೋಣಿ ನೀರನ್ನು ತಡವುತ್ತ ಹಾರುತ್ತದೆ. ಮೂವತ್ತು ಕಿಲೋಗ್ರಾಮಿನ ಆಸುಪಾಸಿನ ಈ ದೋಣಿ 30 ನಾಟ್, ಎಂದರೆ ಗಂಟೆಗೆ 55 ಕಿಲೋಮೀಟರಿನ ವೇಗವನ್ನು ಮೀರಿದೆ. ಅಲೆಯ ಸಂಕೋಲೆಯೆಂಬುದು ಇಲ್ಲಿ ಪೂರ್ತಿಯಾಗಿ ಕಳಚಿಬಿದ್ದಿತು. ಅಲೆ ಎಬ್ಬಿಸಲು ದೋಣಿ ನೀರಿನಲ್ಲಿಯೇ ಇಲ್ಲ.

ಯಾರ ದೋಣಿ?

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕಹಿಮಾತನ್ನೂ ಹೇಳಬೇಕು. ಫಾಕ್ಸನ ಕಾಲದ ದೋಣಿಯನ್ನು ಬಡಗಿ ಮರದಿಂದ ಕಟ್ಟುತ್ತಿದ್ದ. ಇಂದಿನ ಹಾರುವ ದೋಣಿ ಇಂಗಾಲದ ಎಳೆಗಳಿಂದ ನೇಯ್ದದ್ದು, ಬೆಲೆ ಮೋಟಾರುಕಾರಿನದು. ಹೊಸ ರೆಕ್ಕೆ ಬಂದಾಗ ಹಳೆಯದು ಮೂಲೆಗೆ. ವೇಗವನ್ನು ಕೊಳ್ಳಬಲ್ಲವನಿಗೇ ವೇಗ ದಕ್ಕುವುದಾದರೆ ಆಟ ಎಲ್ಲಿ ಉಳಿಯಿತು? 1938ರ ಹಿರಿಯರ ಆತಂಕಕ್ಕೆ ಇಂದಿನ ಅರ್ಥ ಇದು.

ಇದಕ್ಕೆ ಉತ್ತರವೂ ಇತಿಹಾಸದಲ್ಲಿಯೇ ಇದೆ. ಆ ಉತ್ತರದಲ್ಲಿ ಪತ್ರಿಕೆಗಳ ಪಾತ್ರವೂ ಇರುವುದು ಪತ್ರಿಕೆಯ ಓದುಗರಿಗೆ ಸಂತೋಷದ ವಿಷಯ. ಲಂಡನ್ನಿನ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಯ ಆಶ್ರಯದಲ್ಲಿ 1956ರಲ್ಲಿ ಜಾಕ್ ಹೋಲ್ಟ್ ‘ಎಂಟರ್‌ಪ್ರೈಸ್’ ಎಂಬ ದೋಣಿಯನ್ನು ರೂಪಿಸಿದ. ಕೆಲವೇ ವರ್ಷಗಳ ಮೇಲೆ ‘ಡೈಲಿ ಮಿರರ್’ ಪತ್ರಿಕೆಗಾಗಿ ಅವನೂ ಬ್ಯಾರಿ ಬಕ್ನೆಲ್ಲನೂ ಸೇರಿ ‘ಮಿರರ್’ ದೋಣಿಯನ್ನು ತಂದರು. ಕತ್ತರಿಸಿದ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಅಂಟುಪಟ್ಟಿ ಬಳಿದರೆ ದೋಣಿ ಸಿದ್ಧ; ಬಡಗಿಯ ವಿದ್ಯೆ ಬೇಕಿಲ್ಲ. ಬೆಲೆ 63 ಪೌಂಡು 11 ಷಿಲಿಂಗ್. ಸಾಮಾನ್ಯ ಸಂಸಾರಸ್ಥರು ಮನೆಯಂಗಳದಲ್ಲಿ, ಕೆಲವರು ನಡುಮನೆಯಲ್ಲಿಯೇ, ಅದನ್ನು ಕಟ್ಟಿದರು. ಎಪ್ಪತ್ತು ಸಾವಿರಕ್ಕೂ ಮೀರಿದ ಅದರ ಕೆಂಪು ಹಾಯಿಗಳು ಕೆರೆಕಡಲುಗಳಲ್ಲಿ ಹರಡಿದವು. ಹಾಯಿಯಾಟ ಸಿರಿವಂತರದೆಂಬ ಮಾತಿಗೆ ಅಷ್ಟು ಸಾವಿರ ಕೆಂಪು ಪತಾಕೆಗಳ ಪ್ರತಿವಾದ!

ನಮ್ಮ ದೇಶದಲ್ಲಿ ಈ ಆಟವನ್ನು ಬಹುಮಟ್ಟಿಗೆ ಪೋಷಿಸಿದವು ಸೇನೆ ಮತ್ತು ಕೆಲವು ಹಳೆಯ ಕ್ಲಬ್ಬುಗಳು. ಬೆಂಗಳೂರಿನ ಹಲಸೂರು ಕೆರೆಯ ಮೇಲೆ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರ ಹಾಯಿಗಳನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಸೋಲಿ ಕಾಂಟ್ರಾಕ್ಟರ್ ಮತ್ತು ಬಾಸಿತ್ ಫ್ಲೈಯಿಂಗ್ ಡಚ್‌ಮನ್ ದೋಣಿಯಲ್ಲಿ ಭಾರತದ ಹಾಯಿಯನ್ನು ಬಿಚ್ಚಿದರು. 1982ರ ಏಷ್ಯನ್ ಕ್ರೀಡೆಗಳಲ್ಲಿ ಫಾರೂಕ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ‘ಫೈರ್‌ಬಾಲ್’ ವರ್ಗದಲ್ಲಿ ಚಿನ್ನ ಗೆದ್ದರು. ಚೆನ್ನೈಯಲ್ಲಿ ಪಳಗಿದ ವರುಣ್ ಠಕ್ಕರ್ ಮತ್ತು ಕೆ. ಸಿ. ಗಣಪತಿ 49ಅರ್ ದೋಣಿಯಲ್ಲಿ 2018ರ ಏಷ್ಯನ್ ಕ್ರೀಡೆಗಳ ಕಂಚನ್ನು ಪಡೆದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ ಹೋದರು. ಗಣಪತಿಯ ಹೆಸರಿನ ನಡುವೆ ಅಡಗಿರುವ ‘ಚೆಂಗಪ್ಪ’ ನಮ್ಮ ಕೊಡಗನ್ನು ನೆನಪಿಗೆ ತರುತ್ತದೆ. ಅಲ್ಲಿ ಅವರಿಗೆ ದೊರೆತದ್ದು ಹತ್ತೊಂಬತ್ತು ದೋಣಿಗಳಲ್ಲಿ ಹದಿನೇಳನೆಯ ಸ್ಥಾನ. ಅಂಕಿಯನ್ನಷ್ಟೇ ನೋಡುವವರಿಗೆ ಇದು ಸೋಲು. ಅದೇ ಒಲಿಂಪಿಕ್ಸಿಗೆ ಅರ್ಹತೆ ಪಡೆದ ಭಾರತದ ಮೊದಲ ಹಾಯಿಗಾರ್ತಿ ನೇತ್ರಾ ಕುಮನನ್ ಮುಂತಾದವರನ್ನು ನೋಡಿ ಬೆಳೆಯುವ ಮಕ್ಕಳಿಗೆ ಅದು ದಾರಿ.

ಆ ಮಕ್ಕಳು ಯಾರು ಎಂಬುದೇ ಮುಖ್ಯ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಸರಕಾರಿ ಶಾಲೆಗಳ ಬಡಮಕ್ಕಳು ಆಪ್ಟಿಮಿಸ್ಟ್ ಹತ್ತಿ, ರಾಷ್ಟ್ರಮಟ್ಟದ ಪಂದ್ಯಗಳಿಗೆ ಏರಿದ್ದಾರೆ. ಗಾಳಿಗೆ ಬೆಲೆಯಿಲ್ಲ, ನೀರಿಗೆ ಜಾತಿಯಿಲ್ಲ; ದೋಣಿಗೆ ಮಾತ್ರ ಹಣ ಬೇಕು. ಆ ಒಂದನ್ನು ಒದಗಿಸಿಕೊಟ್ಟರೆ ಉಳಿದದ್ದನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಕಡಲು, ಒಳನಾಡಿನಲ್ಲಿ ಕೆರೆಯ ಮೇಲೆ ಕೆರೆ, ಅಣೆಕಟ್ಟುಗಳ ಹಿಂದೆ ಹರಡಿದ ಹಿನ್ನೀರು, ವರ್ಷದಲ್ಲಿ ನಾಲ್ಕು ತಿಂಗಳು ತಾನಾಗಿ ಬಂದು ಬೀಸುವ ಮುಂಗಾರು ಗಾಳಿ — ಇವೆಲ್ಲ ಉಳ್ಳ ನಾಡು ನಮ್ಮದು. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ನಮ್ಮ ಒಕ್ಕಲಿಗರು ಕಣದಲ್ಲಿ ನಿಂತು ಕಲಿತರು. ಅದೇ ಗಾಳಿಗೆ ಹಾಯಿ ಬಿಚ್ಚುವುದನ್ನು ನಮ್ಮ ಹಳ್ಳಿಯ ಹುಡುಗರೂ ಹುಡುಗಿಯರೂ ಕಲಿಯಬಾರದೆ? ಗಂಗೆಯ ಹೊಳೆಯಿಂದ ಹೊರಟು ಲೋಕ ಸುತ್ತಿದ ಒಂದು ಹೆಸರು ನಮ್ಮ ಕೆರೆಗಳಿಗೂ ಬಂದು ತಂಗಿದರೆ, ಅದಕ್ಕೆ ನೆಂಟರ ಮನೆಗೆ ಬಂದಂತೆಯೇ ಆದೀತು.